ಪಿಡಿಓ ಕೆಲಸದ ಜೊತೆ ಸಾರ್ವಜನಿಕ ನೀತಿಯಲ್ಲಿ ಪಿಎಚ್‌ಡಿ: ಪಾಠಕ್ಕೆ ನಾಲ್ಕು ಸ್ಟಾರ್, ವಿಶ್ವವಿದ್ಯಾಲಯದ ಕಚೇರಿಗೆ ಒಂದೂವರೆ

ನಾನು ಕುಮಟಾ ತಾಲೂಕಿನಲ್ಲಿ ಪಿಡಿಓ, ಅಂದರೆ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ. ನೌಕರಿ ಬಿಡದೆ ಘಟ್ಟದ ಮೇಲಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಸೇರಿದ್ದೇನೆ. ಹೆಸರು ಬೇಡ, ಪ್ರಬಂಧ ಇನ್ನೂ ಅಲ್ಲೇ ಕೊಡಬೇಕು. ‘ನೀತಿ ನಾಯಕತ್ವ ಮತ್ತು ಅನುಷ್ಠಾನ’ ಅಂತ ಬ್ರೋಷರಿನಲ್ಲಿ ದಪ್ಪಕ್ಷರದಲ್ಲಿ ಹಾಕಿದ್ದರು. ಅದನ್ನು ನೋಡಿ ನಮ್ಮ ಬಿಲ್ ಕಲೆಕ್ಟರ್ ಅಂದಿದ್ದು: “ಅನುಷ್ಠಾನ ಮಾಡೂದು ನಾವು ಮೇಡಂ, ಅದ್ರಲ್ಲಿ ಡಾಕ್ಟ್ರಾಗೂದು ಯಾರೋ!”

ಮೊದಲು ಒಳ್ಳೆಯದು. ಅನುಷ್ಠಾನದ ಕೋರ್ಸ್‌ವರ್ಕ್ ನಿಜಕ್ಕೂ ದುಡ್ಡಿಗೆ ಮೋಸವಿಲ್ಲ. ಅಮೆರಿಕದ ಓಕ್ಲೆಂಡ್‌ನಲ್ಲಿ ನಿರುದ್ಯೋಗಿಗಳಿಗೆಂದು ಬಂದ ಕೇಂದ್ರದ ಹಣ ಯಾಕೆ ಅವರನ್ನು ಮುಟ್ಟಲಿಲ್ಲ ಎಂದು ಪ್ರೆಸ್‌ಮನ್ ಮತ್ತು ವಿಲ್ಡಾವ್‌ಸ್ಕಿ ಎಂಬ ಇಬ್ಬರು ವಿದ್ವಾಂಸರು 1973ರಲ್ಲಿ ಒಂದು ಪುಸ್ತಕ ಬರೆದರು, ಮೇಷ್ಟ್ರು ಅದರ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಿದರು. ಒಂದು ಯೋಜನೆಗೆ 70 ಕಡೆ ಒಪ್ಪಿಗೆ ಬೇಕು ಅಂದುಕೊಳ್ಳಿ. ಪ್ರತಿಯೊಂದೂ ಸಿಗುವ ಸಂಭವ ನೂರಕ್ಕೆ 99. ಆದರೂ ಎಪ್ಪತ್ತೂ ಸಿಕ್ಕಿ ಕೆಲಸ ಮುಗಿಯುವ ಸಂಭವ ಅರ್ಧಕ್ಕಿಂತ ಕಡಿಮೆ. ಯಾರೂ ಕೆಟ್ಟವರಾಗಬೇಕಿಲ್ಲ, ಲಂಚ ಕೇಳಬೇಕಿಲ್ಲ, ಕೆಲಸ ತನ್ನಿಂದ ತಾನೇ ನಿಲ್ಲುತ್ತದೆ.

ನನ್ನ ವಿಷಯ 2006ರ ಅರಣ್ಯ ಹಕ್ಕು ಕಾಯ್ದೆ, ತಲೆಮಾರುಗಳಿಂದ ಕಾಡಿನಲ್ಲಿ ಬದುಕುವವರಿಗೆ ಅಲ್ಲಿನ ಹಕ್ಕು ಕೊಡುವುದು. ಆ ಲೆಕ್ಕ ಕೇಳಿದ ಮೇಲೆ ನಮ್ಮ ಪಂಚಾಯ್ತಿಯ ಕಡತವನ್ನು ಬೇರೆ ಕಣ್ಣಿಂದ ಓದಿದೆ. ಒಂದು ಅರ್ಜಿ ಇಷ್ಟು ಕಡೆ ದಾಟಬೇಕು: ಅರಣ್ಯ ಹಕ್ಕು ಸಮಿತಿ, ಗ್ರಾಮಸಭೆ, ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ. ಗ್ರಾಮಸಭೆಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬರಬೇಕು, ಬಂದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ನಾಟಿ ಹೊತ್ತಿನಲ್ಲಿ ಅರ್ಧ ಊರನ್ನು ಎಲ್ಲಿಂದ ಕರೆತರೋಣ? ಅದಕ್ಕಿಂತ ಗಟ್ಟಿ ತಡೆ ದಾಖಲೆಯದ್ದು. ಪರಿಶಿಷ್ಟ ಪಂಗಡದವರಲ್ಲದಿದ್ದರೆ 13 ಡಿಸೆಂಬರ್ 2005ಕ್ಕಿಂತ ಹಿಂದಿನ 75 ವರ್ಷ, ಅಂದರೆ 1930ರಿಂದಲೇ ಇಲ್ಲಿದ್ದೇವೆ ಎಂದು ತೋರಿಸಬೇಕು. ಆಗ ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗ ಸಮುದಾಯದವರು ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿಲ್ಲ, ಹಾಗಾಗಿ ಅವರಿಗೂ ಇದೇ ನಿಯಮ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದೂ ಸಾಕ್ಷ್ಯವೇ ಎಂದು ನಿಯಮದಲ್ಲೇ ಇದೆ. ಆದರೂ ಒಬ್ಬ ಅಜ್ಜಿ ಜರಿ ಚೀಲದಿಂದ ಒಂದೊಂದೇ ತೆಗೆದಿಟ್ಟಿದ್ದು ಮತಚೀಟಿ, ಹಳೇ ರೇಷನ್ ಕಾರ್ಡ್, ದಂಡ ಕಟ್ಟಿದ ರಶೀದಿ. “ಮನೆ ಹಿಂದಿನ ಮಾವಿನ ಮರ ಯಾರ ಕಾಲದ್ದು ಅಂತ ಯಾರೂ ಕೇಳೂದಿಲ್ಲ” ಅಂದಳು. ಈ ಮಾತನ್ನು ಟಿಪ್ಪಣಿಯಲ್ಲಿ ಹೇಗೆ ಹಿಡಿಯಬೇಕು, ಎಲ್ಲಿ ಇಡಬೇಕು ಅಂತ ಕಲಿಸಿದ್ದು ನನ್ನ ಗೈಡ್. ಅವರಿಗೆ ಪೂರ್ತಿ ಅಂಕ.

ನಾಯಕತ್ವದ ಕೋರ್ಸ್ ಮಾತ್ರ ಸಪ್ಪೆ ಗಂಜಿ. ‘ನೀವು ಯಾವ ಬಗೆಯ ನಾಯಕ’ ಅಂತ ಪ್ರಶ್ನಾವಳಿ ತುಂಬಿಸುತ್ತಾರೆ, ಕೊನೆಗೊಂದು ಗ್ರಾಫ್. ಅಧ್ಯಕ್ಷರು, ಸದಸ್ಯರು, ತಾಲೂಕು ಪಂಚಾಯ್ತಿ, ಅರಣ್ಯ ಇಲಾಖೆ ನಾಲ್ಕು ಕಡೆಯಿಂದ ಎಳೆಯುವಾಗ ಸಭೆ ಹೇಗೆ ನಡೆಸಬೇಕು ಅನ್ನುವುದಕ್ಕೆ ಅದರಲ್ಲಿ ಒಂದು ಸಾಲೂ ಇಲ್ಲ.

ವಿಶ್ವವಿದ್ಯಾಲಯದ ಕಚೇರಿ ಬಗ್ಗೆ ಹೇಳಿದಷ್ಟೂ ಮುಗಿಯದು. ಪ್ರತಿ ಸೆಮಿಸ್ಟರಿಗೆ ಸಂಶೋಧನಾ ಸಲಹಾ ಸಮಿತಿ ಕೂರಬೇಕು ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ. ನನ್ನದು ಮುಂದೆ ಹೋಗುತ್ತಲೇ ಇದೆ. ಒಮ್ಮೆ ರಜೆ ಹಾಕಿ ಬೆಳಗಿನ ಬಸ್ಸಿಗೆ ಹೋದರೆ ಸಭೆ ರದ್ದು, ತಿಳಿಸಿದವರಿಲ್ಲ. ಶುಲ್ಕ ಕಟ್ಟುವ ತಾರೀಕು ಮಾತ್ರ ಒಂದು ದಿನವೂ ಮರೆತಿಲ್ಲ, ಮೂರು ಮೂರು ಮೆಸೇಜ್!

ಸೇರುವವರಿಗೆ: 2022ರ ಯುಜಿಸಿ ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಮರುನೋಂದಣಿಯಲ್ಲಿ ಇನ್ನೆರಡು, ಹೆಂಗಸರಿಗೆ ಅದರ ಮೇಲೆ ಮತ್ತೆರಡು ಸಿಗಬಹುದು. ಪಾರ್ಟ್‌ಟೈಮ್‌ಗೆ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕೇ ಬೇಕು, ಶುಲ್ಕ ಕಟ್ಟುವ ಮೊದಲೇ ತೆಗೆದಿಟ್ಟುಕೊಳ್ಳಿ. ನಿಮ್ಮ ಗೈಡ್ ಕೈಕೆಳಗೆ ಈಗ ಎಷ್ಟು ಜನರಿದ್ದಾರೆ ಅಂತ ನಾಚಿಕೆ ಬಿಟ್ಟು ಕೇಳಿ: ಪ್ರೊಫೆಸರಿಗೆ ಎಂಟು, ಅಸೋಸಿಯೇಟಿಗೆ ಆರು, ಅಸಿಸ್ಟೆಂಟಿಗೆ ನಾಲ್ಕು, ಅಷ್ಟೇ ಮಿತಿ. ಮನೆಯಲ್ಲೇ ಕೂತು ವಿದೇಶಿ ಡಾಕ್ಟರೇಟ್ ಅಂತ ಎಡ್‌ಟೆಕ್ ಕಂಪನಿಯವರು ಫೋನ್ ಮಾಡಿದರೆ ಇಟ್ಟುಬಿಡಿ. ಆನ್‌ಲೈನ್ ಪಿಎಚ್‌ಡಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಎರಡೂ 2022ರಲ್ಲೇ ಎಚ್ಚರಿಸಿವೆ, ಬಡ್ತಿಗೂ ಬರುವುದಿಲ್ಲ.