ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕ: 8 ವರ್ಷ ಬಳಸಿದವರ ಅನುಭವ

ಪಾವಗಡ ತಾಲ್ಲೂಕಿನ ನಮ್ಮ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಆರಂಭವಾಗಿ 8 ವರ್ಷಗಳಾದವು. 5 ರೂಪಾಯಿಯ ನಾಣ್ಯ ಹಾಕಿ 20 ಲೀಟರಿನ ಕ್ಯಾನ್ ತುಂಬಿಸಿ ತರುವುದು ಮೊದಲ ತಿಂಗಳಿನಿಂದಲೂ ನಮ್ಮ ಮನೆಯ ದಿನಚರಿಯಾಗಿದೆ. ಊರಿನಲ್ಲಿ ಎಲ್ಲರೂ ಇದನ್ನು ‘ಫಿಲ್ಟರ್ ನೀರು’ ಎನ್ನುತ್ತಾರೆ. ಘಟಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಅದರ ನಿರ್ವಹಣೆಯನ್ನು ಮಾತ್ರ ಹಾಗೆ ಮೆಚ್ಚಲಾರೆ.

ಈ ಸೀಮೆಯ ನೀರಿನ ತೊಂದರೆ ಕಣ್ಣಿಗೂ ನಾಲಿಗೆಗೂ ಸಿಗುವಂಥದ್ದಲ್ಲ. ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಖನಿಜಗಳಿಂದ ಫ್ಲೋರೈಡ್ ಕರಗಿ ನೀರಿಗೆ ಸೇರುತ್ತದೆ. ಕಲ್ಲಿನ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಭಾರತೀಯ ಮಾನಕ ಬ್ಯೂರೋದ 10500ನೇ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5ರವರೆಗೆ ಇರಬಹುದು. ನಮ್ಮ ಕೊಳವೆಬಾವಿಯಲ್ಲಿ ಅದು 3ರ ಮೇಲಿತ್ತು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗುವುದು ನೀರು ಮಾತ್ರವಾದ್ದರಿಂದ ಉಳಿದ ನೀರಿನಲ್ಲಿ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ನಮ್ಮ ತಾಯಿಯವರು ಜೀವನವಿಡೀ ಕಾಯಿಸಿ ಆರಿಸಿದ ನೀರನ್ನೇ ಕುಡಿದವರು. ಅವರ ಸೊಂಟ, ಮೊಣಕಾಲು ಬಿಗಿದುಕೊಂಡಿರುವುದು ಮೂಳೆಯ ಫ್ಲೋರೋಸಿಸ್‌ನಿಂದ, ಅಂದರೆ ಫ್ಲೋರೈಡ್ ಹೆಚ್ಚಾಗಿ ಬರುವ ಕಾಯಿಲೆಯಿಂದ ಎಂದು ವೈದ್ಯರು ಹೇಳಿದ್ದಾರೆ. ಘಟಕದ ನೀರು ಬರುವ ವೇಳೆಗೆ ಅವರಿಗೆ ತಡವಾಗಿತ್ತು.

ಘಟಕ ಬಂದಾಗ 7 ವರ್ಷದವನಾಗಿದ್ದ ಮಗನ ಮುಂದಿನ ಹಲ್ಲುಗಳಲ್ಲಿ ಫ್ಲೋರೈಡ್‌ನಿಂದಾದ ಕಂದು ಗೆರೆಗಳಿವೆ. ಶಾಶ್ವತ ಹಲ್ಲಿನ ಹೊರಪದರ ಬಹುಮಟ್ಟಿಗೆ 8 ವರ್ಷದೊಳಗೆ ರೂಪುಗೊಳ್ಳುವುದರಿಂದ ಆ ಗೆರೆಗಳು ಇನ್ನು ಹೋಗುವುದಿಲ್ಲ. ಘಟಕ ಬಂದ ವರ್ಷವೇ ಹುಟ್ಟಿದ ಮಗಳಿಗೆ ಈಗ ಹಾಲುಹಲ್ಲು ಬಿದ್ದು ಮೂಡಿರುವ ಹಲ್ಲುಗಳು ಸ್ವಚ್ಛವಾಗಿವೆ. ಅವಳು ನಕ್ಕಾಗಲೆಲ್ಲ ನನಗೆ ಆ ನಾಣ್ಯದ ಪೆಟ್ಟಿಗೆ ನೆನಪಾಗುತ್ತದೆ. ಅಡುಗೆಗೂ ಇದೇ ನೀರು ಬಳಸುತ್ತೇವೆ, ಏಕೆಂದರೆ ಅನ್ನ, ಸಾರು, ಮುದ್ದೆಯ ಎಸರಿನ ಮೂಲಕವೂ ಫ್ಲೋರೈಡ್ ಹೊಟ್ಟೆ ಸೇರುತ್ತದೆ. ಗಡಸು ನೀರಿನಲ್ಲಿ ಬೇಯದೆ ಸತಾಯಿಸುತ್ತಿದ್ದ ತೊಗರಿಬೇಳೆ ಈಗ ಬೇಗ ಬೇಯುತ್ತದೆ.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪೆನಿಸಿತು. ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣವನ್ನು ಅಳೆಯುವ, ಸಾಮಾನ್ಯವಾಗಿ 80ರ ಆಸುಪಾಸು ತೋರಿಸುತ್ತಿದ್ದ ಟಿಡಿಎಸ್ ಮೀಟರ್ 400 ದಾಟಿತ್ತು. ಲವಣಗಳನ್ನು ಸೋಸಿ ತಡೆಯುವ ತೆಳು ಪದರವಾದ ಮೆಂಬ್ರೇನ್ ಸವೆದಿದೆ ಎಂಬುದಕ್ಕೆ ಅದು ಸೂಚನೆಯೇ ಹೊರತು, ಕರಗಿದ ಲವಣಗಳಲ್ಲಿ ಫ್ಲೋರೈಡ್ ಎಷ್ಟೆಂದು ಆ ಮೀಟರ್ ಹೇಳಲಾರದು. ಪ್ಲಾಸ್ಟಿಕ್ ಬಾಟಲಿಯಲ್ಲಿ ಎರಡೂ ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟೆವು: ಫಿಲ್ಟರ್ ನೀರಿನಲ್ಲಿ ಫ್ಲೋರೈಡ್ 1.8 ಬಂದಿತು. ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಕೂಡ 45 ಮಿಲಿಗ್ರಾಂ ಮಿತಿಯನ್ನು ಮೀರಿತ್ತು. ತಿಪ್ಪೆ, ಶೌಚಗುಂಡಿ, ಹೊಲದ ಗೊಬ್ಬರಗಳಿಂದ ಇಳಿಯುವ ಇದು ಹಸುಗೂಸುಗಳ ರಕ್ತವು ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಂದಿಸುತ್ತದೆ. ಮಗುವಿನ ಹಾಲಿನ ಪುಡಿ ಕಲಸಲು ನಲ್ಲಿಯ ನೀರನ್ನೇ ಬಳಸುತ್ತಿದ್ದ ಮನೆಗಳಿಗೆ ಹೋಗಿ ಆ ವಾರವೇ ತಿಳಿಸಿದೆವು. ನಿರ್ವಹಣೆಯ ಗುತ್ತಿಗೆ ಪಡೆದಿದ್ದವರು ಹೊಸ ಮೆಂಬ್ರೇನ್ ಹಾಕಲು ಎರಡು ತಿಂಗಳು ತೆಗೆದುಕೊಂಡರು. ಅಷ್ಟು ದಿನವೂ ನಾಣ್ಯದ ಪೆಟ್ಟಿಗೆ ಹಣ ನುಂಗುತ್ತಲೇ ಇತ್ತು, ಗೋಡೆಯ ಮೇಲೆ ಒಂದು ಸಾಲಿನ ಸೂಚನೆಯೂ ಇರಲಿಲ್ಲ. ಈ ನೋವು ನನ್ನಲ್ಲಿ ಇನ್ನೂ ಇದೆ.

ಹೊಸದಾಗಿ ಬಳಸುವವರು ಕ್ಯಾನಿನ ಬಗ್ಗೆಯೂ ಎಚ್ಚರ ವಹಿಸಬೇಕು. ಈ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲವಾದ್ದರಿಂದ, ಕೊಳೆಯಾದ ಕ್ಯಾನಿನಲ್ಲಾಗಲಿ, ಲೋಟ ಅದ್ದುವ ಬಿಂದಿಗೆಯಲ್ಲಾಗಲಿ ರೋಗಾಣುಗಳು ಸೇರಿಕೊಂಡರೆ ತಡೆಯುವುದು ಯಾವುದೂ ಇಲ್ಲ. ವಾರಕ್ಕೊಮ್ಮೆ ಕ್ಯಾನಿನ ಒಳಗನ್ನು ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತೇವೆ.

ಶುದ್ಧೀಕರಣದ ನಂತರ ಹೊರಬರುವ ತ್ಯಾಜ್ಯ ನೀರಿನಲ್ಲಿ ಲವಣವೂ ಫ್ಲೋರೈಡೂ ಮೂಲ ನೀರಿಗಿಂತ ಗಟ್ಟಿಯಾಗಿರುತ್ತವೆ. ಅದನ್ನು ದನಗಳ ತೊಟ್ಟಿಗೆ ಬಿಡುತ್ತಿದ್ದುದನ್ನು ಹಲವರು ಕೇಳಿಕೊಂಡ ಮೇಲೆ ನಿಲ್ಲಿಸಿ, ಈಗ ಶೌಚಾಲಯದ ಬಳಕೆಗೆ ತಿರುಗಿಸಿದ್ದಾರೆ. ಮೆಂಬ್ರೇನ್ ಬದಲಿಸಿದ ದಿನಾಂಕವನ್ನೂ ಕೊನೆಯ ಪರೀಕ್ಷೆಯ ಫ್ಲೋರೈಡ್ ಪ್ರಮಾಣವನ್ನೂ ಘಟಕದ ಗೋಡೆಯ ಮೇಲೆ ಬರೆಸಬೇಕೆಂದು ಪಂಚಾಯಿತಿಗೆ ಎರಡನೆಯ ಬಾರಿ ಅರ್ಜಿ ಕೊಟ್ಟಿದ್ದೇನೆ.