ಎರಡು ರೌಂಡ್‌ಗಳ ನಡುವಿನ ಒಂದು ನಿಮಿಷ: ಬಾಕ್ಸಿಂಗ್ ಚಾನೆಲ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ

ಕೆಲವು ವಾರಗಳಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಹಳೆಯ, ಹೊಸ ಬಾಕ್ಸಿಂಗ್ ಪ್ರಸಾರಗಳನ್ನು ಮೊದಲಿಂದ ಕೊನೆಯವರೆಗೆ ಕೂತು ನೋಡುತ್ತೇನೆ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಯಾರು ಗೆದ್ದರು ಅನ್ನುವುದು ಹೇಗೂ ಗೊತ್ತಿರುತ್ತದೆ. ನಾನು ಬರೆದುಕೊಳ್ಳುವುದು ಚಾನೆಲ್‌ನವರ ಲೆಕ್ಕ: ಏನು ತೋರಿಸಿದರು, ಏನು ಬಿಟ್ಟರು, ದುಡ್ಡು ಎಲ್ಲಿ ಸುರಿದರು, ಎಲ್ಲಿ ಕೈ ಬಿಗಿಹಿಡಿದರು.

ಎಲ್ಲಕ್ಕಿಂತ ಜಾಸ್ತಿ ಗಮನ ಕೊಟ್ಟಿದ್ದು ವಿರಾಮದ ಆ ಒಂದು ನಿಮಿಷಕ್ಕೆ. ಮೂರು ನಿಮಿಷ ಹೊಡೆದಾಟ, ಒಂದು ನಿಮಿಷ ಸ್ಟೂಲ್ ಮೇಲೆ. 12 ರೌಂಡಿನ ಫೈಟ್ ಅಂದರೆ 11 ವಿರಾಮ, 11 ನಿಮಿಷ. ಅಷ್ಟೂ ಹೊತ್ತನ್ನು ಜಾಹೀರಾತಿಗೆ ಮಾರಬಹುದು. ಮಾರದೆ ಕಾರ್ನರ್‌ಗೆ, ಅಂದರೆ ಬಾಕ್ಸರ್ ಕೋಚ್ ಜೊತೆ ಕೂರುವ ರಿಂಗಿನ ಮೂಲೆಗೆ, ಕ್ಯಾಮೆರಾ, ಮೈಕ್ ಕಳಿಸಲೂಬಹುದು. ಒಂದು ಚಾನೆಲ್‌ಗೆ ಬಾಕ್ಸಿಂಗ್ ಮೇಲೆ ಎಷ್ಟು ಪ್ರೀತಿ ಇದೆ ಅನ್ನುವುದು ನನಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಪಟಾಕಿ, ಲೇಸರ್ ಲೈಟು, ಬಾಕ್ಸರ್ ನಡೆದು ಬರುವಾಗಿನ ಹೊಗೆ, ಇವೆಲ್ಲ ಅಷ್ಟು ಹೇಳುವುದಿಲ್ಲ.

ಮೊದಲು ಅಮೆರಿಕದ ಎರಡು ದೊಡ್ಡ ಪ್ರತಿಸ್ಪರ್ಧಿಗಳು, ಎಚ್‌ಬಿಓ ಮತ್ತು ಶೋಟೈಮ್. ಎಚ್‌ಬಿಓ 1973ರಲ್ಲಿ ಫೋರ್‌ಮನ್–ಫ್ರೇಜಿಯರ್ ಫೈಟ್‌ನಿಂದ ಶುರು ಮಾಡಿ 2018ರ ಡಿಸೆಂಬರ್‌ವರೆಗೆ ಬಾಕ್ಸಿಂಗ್ ತೋರಿಸಿತು. ಶೋಟೈಮ್ 1986ರಲ್ಲಿ ಶುರು ಮಾಡಿ 2023ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಎರಡೂ ಚಂದಾದಾರರ ದುಡ್ಡಿನಿಂದ ನಡೆಯುತ್ತಿದ್ದವು, ಹಾಗಾಗಿ ರೌಂಡ್‌ಗಳ ನಡುವೆ ಸೋಪು, ಕಾರು ಮಾರಬೇಕಾದ ಒತ್ತಡ ಇರಲಿಲ್ಲ.

ಎಚ್‌ಬಿಓಗೆ ನಾನು ತೆಗೆದುಕೊಂಡ ಉದಾಹರಣೆ 2002ರ ಮೇ 18ರ ಮಿಕ್ಕಿ ವಾರ್ಡ್–ಆರ್ಟುರೊ ಗಾಟಿ ಫೈಟ್. ಒಂಬತ್ತನೇ ರೌಂಡ್ ಶುರುವಾದ ಕೂಡಲೇ ವಾರ್ಡ್‌ನ ಎಡಗೈ ಹುಕ್ ಗಾಟಿಯ ಪಕ್ಕೆಗೆ ಬಿತ್ತು. ಗಾಟಿ ಮಂಡಿಯೂರಿದ, ಮುಖ ಹಿಂಡಿಹೋಯಿತು. ಎದ್ದ. ಆಮೇಲೆ ನಡೆದದ್ದನ್ನು ಸುಮ್ನೆ ನೋಡಿಯೇ ತಿಳಿಯಬೇಕು. ಕಾಮೆಂಟರಿಯಲ್ಲಿದ್ದ ಇಮ್ಯಾನುಯೆಲ್ ಸ್ಟೀವರ್ಡ್ ಹೆಸರಾಂತ ಕೋಚ್. ನೂರಾರು ಫೈಟ್ ಕಂಡ ಮನುಷ್ಯ, ಇದನ್ನು ಶತಮಾನದ ರೌಂಡ್ ಅನ್ನಬೇಕು ಅಂತ ಕೂಗಿಬಿಟ್ಟರು. ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ ಆ ರೌಂಡ್‌ಗಿಂತ ಹೆಚ್ಚು ಸಾಲು ತುಂಬಿರುವುದು ಅದರ ನಂತರದ ವಿರಾಮಕ್ಕೆ. ಗಾಟಿಯನ್ನು ಹತ್ತನೇ ರೌಂಡಿಗೆ ಬಿಡಬೇಕೋ ಬೇಡವೋ ಅನ್ನುವ ಅನುಮಾನ ಗಾಳಿಯಲ್ಲೇ ಇತ್ತು. ಫೈಟ್ ನಿಲ್ಲಿಸಿದರು ಅಂದುಕೊಂಡು ವಾರ್ಡ್ ಕಡೆಯವರು ಸಂಭ್ರಮಿಸಲೂ ಶುರು ಮಾಡಿದರು. ಆಮೇಲೆ ಗೊತ್ತಾಯಿತು, ಇನ್ನೂ ಮೂರು ನಿಮಿಷ ಬಾಕಿ ಇದೆ! ಆ ಗೊಂದಲ ಪೂರ್ತಿ ಕಣ್ಣೆದುರೇ ನಡೆಯಿತು. ಅದೇ ಜಾಗದಲ್ಲಿ ಮೂರು ಜಾಹೀರಾತು ಬಂದಿದ್ದರೆ?

ಶೋಟೈಮ್‌ಗೆ 2005ರ ಮೇ 7ರ ಡಿಯಾಗೋ ಕೊರಾಲೆಸ್–ಹೋಸೆ ಲೂಯಿಸ್ ಕಾಸ್ಟಿಯೋ ಫೈಟ್. ಹತ್ತನೇ ರೌಂಡಿನಲ್ಲಿ ಕೊರಾಲೆಸ್ ಎರಡು ಸಲ ಕೆಳಗೆ ಬಿದ್ದ. ಎರಡು ಸಲವೂ ಮೌತ್‌ಪೀಸ್ ಬಾಯಿಂದ ಹೊರಬಿತ್ತು. ರೆಫರಿ ಟೋನಿ ವೀಕ್ಸ್ ಒಂದು ಅಂಕ ಕಳೆದು, ಮೌತ್‌ಪೀಸ್ ಹಾಕಿಸಿಕೊಂಡು ಬಾ ಅಂತ ಕಾರ್ನರ್‌ಗೆ ಕಳಿಸಿದರು. ಅಲ್ಲಿ ಕೋಚ್ ಜೋ ಗೂಸೆನ್ ಕೆಲವೇ ಸೆಕೆಂಡು ಕೊರಾಲೆಸ್‌ನ ಮುಖಕ್ಕೆ ಮುಖ ಕೊಟ್ಟು, ಈಗ ಅವನ ಒಳಗೇ ನುಗ್ಗಬೇಕು ಅಂತ ಗದರಿದರು. ಅದು ವಿರಾಮವೂ ಅಲ್ಲ, ರೌಂಡಿನ ಮಧ್ಯ. ಆದರೂ ಮೈಕ್ ಅಲ್ಲಿತ್ತು, ಮಾತು ನಮಗೆ ಕೇಳಿಸಿತು. ಕೊರಾಲೆಸ್ ವಾಪಸ್ ಹೋದ, ನುಗ್ಗಿದ, ಅದೇ ರೌಂಡಿನಲ್ಲಿ ಕಾಸ್ಟಿಯೋನನ್ನು ಹಗ್ಗಕ್ಕೆ ಒರಗಿಸಿ ಫೈಟ್ ಮುಗಿಸಿದ. ಗೂಸೆನ್ ಮಾತು ಕೇಳಿಸದೇ ಇದ್ದಿದ್ದರೆ ಅದು ಪವಾಡದ ಹಾಗೆ ಕಾಣುತ್ತಿತ್ತು. ಕೇಳಿಸಿದ್ದರಿಂದ ಒಬ್ಬ ಹೇಳಿದ್ದು, ಇನ್ನೊಬ್ಬ ಮಾಡಿದ್ದು ಎರಡೂ ಅರ್ಥವಾಯಿತು.

ಇವೆರಡರಲ್ಲಿ ಯಾವುದು ಮೇಲು? ನನಗೆ ಕಾಮೆಂಟರಿಯಲ್ಲಿ ಶೋಟೈಮ್ ಒಂದು ಕೂದಲೆಳೆ ಮೇಲು. ಎಚ್‌ಬಿಓದ ಜಿಮ್ ಲ್ಯಾಂಪ್ಲಿ ದೊಡ್ಡ ಕಥೆಗಾರ. ಅವರ ದನಿಯಲ್ಲೇ ಫೈಟ್‌ಗೆ ಒಂದು ಎತ್ತರ ಬರುತ್ತಿತ್ತು. ಆದರೆ ಕೆಲವು ಸಲ ಕಥೆ ಮೊದಲೇ ತಯಾರಾಗಿರುತ್ತಿತ್ತು, ಪಂಚ್‌ಗಳು ಅದರ ಹಿಂದೆ ಬರಬೇಕಾಗುತ್ತಿತ್ತು. ಶೋಟೈಮ್‌ನ ಅಲ್ ಬರ್ನ್‌ಸ್ಟೈನ್ ಕಡಿಮೆ ಮಾತಿನವರು. ಕಂಡದ್ದನ್ನು ಹೇಳಿ ಸುಮ್ಮನಾಗುತ್ತಾರೆ. ಹಾಗಂತ ಅಂಕದ ವಿಷಯಕ್ಕೆ ಎಚ್‌ಬಿಓವನ್ನು ಮರೆಯುವ ಹಾಗಿಲ್ಲ. ತೀರ್ಪುಗಾರರಾಗಿದ್ದ ಹೆರಾಲ್ಡ್ ಲೆಡರ್‌ಮನ್ ಅವರನ್ನು 1986ರಿಂದ ಕೂರಿಸಿಕೊಂಡು, ಯಾವ ರೌಂಡ್ ಯಾರಿಗೆ, ಯಾಕೆ ಅಂತ ಹೇಳಿಸಿತು. ಶೋಟೈಮ್‌ನಲ್ಲಿ ಆ ಕೆಲಸ ಸ್ಟೀವ್ ಫಾರ್‌ಹುಡ್ ಅವರದ್ದು. ಇಬ್ಬರ ಸಂಬಳಕ್ಕೆ ಹೋದ ದುಡ್ಡು ಸಾರ್ಥಕ ಅಂತ ನನ್ನ ನಂಬಿಕೆ. ಬಾಕ್ಸಿಂಗ್‌ನ ಅಂಕ ಹೊಸಬರಿಗೆ ಅರ್ಥವಾಗದೇ ಹೋದರೆ ಅವರು ಎರಡನೇ ಸಲ ಬರುವುದಿಲ್ಲ ಅಲ್ವಾ?

ಕಾಮೆಂಟರಿ ನಮ್ಮ ಕಣ್ಣನ್ನು ಎಷ್ಟು ಆಳುತ್ತದೆ ಅಂತ ಗೊತ್ತಾಗಬೇಕಾದರೆ ಒಂದು ಫೈಟನ್ನು ಎರಡು ಸಲ ನೋಡಬೇಕು, ಒಮ್ಮೆ ದನಿ ಇಟ್ಟು, ಒಮ್ಮೆ ಮ್ಯೂಟ್ ಮಾಡಿ. ನಾನು ಇದಕ್ಕೆ ಆರಿಸಿದ್ದು 2017ರ ಮ್ಯಾನಿ ಪಾಕಿಯಾವ್–ಜೆಫ್ ಹಾರ್ನ್ ಫೈಟ್. ಬ್ರಿಸ್ಬೇನ್‌ನಲ್ಲಿ ನಡೆದದ್ದು, ಅಮೆರಿಕದಲ್ಲಿ ಇಎಸ್‌ಪಿಎನ್ ತೋರಿಸಿತು. ಮೂವರು ತೀರ್ಪುಗಾರರೂ ಹಾರ್ನ್ ಗೆದ್ದ ಅಂದರು, 117–111, 115–113, 115–113. ಕಾಮೆಂಟರಿಯಲ್ಲಿದ್ದ ಟೆಡ್ಡಿ ಅಟ್ಲಾಸ್ ಮಾತ್ರ ಪಾಕಿಯಾವ್ ಸುಲಭವಾಗಿ ಗೆದ್ದಿದ್ದಾನೆ ಅಂತ ಪಟ್ಟು ಹಿಡಿದರು. ಗೆದ್ದ ಹಾರ್ನ್‌ನ ಎದುರು ನಿಂತು, ನೀನು ಸೋತೆ ಅಂತ ನನಗನ್ನಿಸಿತು ಎಂದೂ ಹೇಳಿದರು. ಪಂಚ್ ಎಣಿಸುವ ಕಂಪ್ಯೂಬಾಕ್ಸ್‌ನ ಲೆಕ್ಕ ಕೂಡ ಅವರ ಕಡೆಗೇ ಇತ್ತು: ಪಾಕಿಯಾವ್ ಮುಟ್ಟಿಸಿದ್ದು 182 ಪಂಚ್, ಹಾರ್ನ್ 92.

ದನಿ ಇಟ್ಟು ನೋಡಿದಾಗ ನನಗೂ ಇದು ಹಗಲುದರೋಡೆ ಅನ್ನಿಸಿತು. ಎರಡು ದಿನ ಬಿಟ್ಟು ಮ್ಯೂಟ್ ಮಾಡಿ ನೋಡಿದೆ, ಪ್ರತಿ ರೌಂಡ್ ಮುಗಿದ ಕೂಡಲೇ ಅಂಕ ಬರೆದೆ. ಪಾಕಿಯಾವ್‌ಗೆ 115–113 ಬಂತು. ಗೆಲುವು ಅವನದ್ದೇ, ಆದರೆ ಅಂತರ ತೀರಾ ಚಿಕ್ಕದು. ಹಾರ್ನ್ ಮುನ್ನುಗ್ಗಿ ತಬ್ಬಿ ತಳ್ಳುತ್ತಿದ್ದ ರೌಂಡ್‌ಗಳು ದನಿ ಇಲ್ಲದಾಗ ಬೇರೆಯೇ ಕಂಡವು. ಅಂದಹಾಗೆ, ಕಂಪ್ಯೂಬಾಕ್ಸ್ ಅಂದರೆ ಯಂತ್ರ ತಾನಾಗಿ ಎಣಿಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಇಬ್ಬರು ಮನುಷ್ಯರು ಕೂತು, ಒಬ್ಬೊಬ್ಬರು ಒಬ್ಬೊಬ್ಬ ಬಾಕ್ಸರ್‌ನನ್ನು ನೋಡುತ್ತಾ ಕೀಲಿ ಒತ್ತುತ್ತಾರೆ, ಅಷ್ಟೇ. ಪಂಚ್ ಎಷ್ಟು ಜೋರಾಗಿ ಬಿತ್ತು ಅನ್ನುವುದು ಆ ಸಂಖ್ಯೆಯಲ್ಲಿ ಇರುವುದಿಲ್ಲ. ತೆರೆಯ ಮೇಲೆ ಬಂದಾಗ ಮಾತ್ರ ಅದು ಕೊನೆಯ ಮಾತಿನ ಹಾಗೆ ಕಾಣುತ್ತದೆ.

ಇನ್ನು ಜಾಹೀರಾತಿನ ದಾರಿ. 2015ರ ಮಾರ್ಚ್ 7ರಂದು ಪ್ರೀಮಿಯರ್ ಬಾಕ್ಸಿಂಗ್ ಚಾಂಪಿಯನ್ಸ್ ಅನ್ನುವ ಸರಣಿ ಎನ್‌ಬಿಸಿಯಲ್ಲಿ ಶುರುವಾಯಿತು. ಹಿಂದೆ ಇದ್ದವರು ಬಾಕ್ಸರ್‌ಗಳ ವ್ಯವಹಾರ ನೋಡಿಕೊಳ್ಳುವ ಅಲ್ ಹೇಮನ್. ಇಲ್ಲಿ ದುಡ್ಡಿನ ಹರಿವೇ ತಿರುಗುಮುರುಗು. ಮಾಮೂಲಿಯಾಗಿ ಫೈಟ್ ಆಯೋಜಿಸುವ ಪ್ರಮೋಟರ್‌ಗೆ ಚಾನೆಲ್ ಶುಲ್ಕ ಕೊಡುತ್ತದೆ, ಪ್ರಮೋಟರ್ ಬಾಕ್ಸರ್‌ಗೆ ಕೊಡುತ್ತಾನೆ. ಇಲ್ಲಿ ಬಾಕ್ಸಿಂಗ್ ಕಡೆಯವರೇ ಚಾನೆಲ್‌ನ ಸಮಯವನ್ನು ದುಡ್ಡು ಕೊಟ್ಟು ಕೊಂಡರು. ಎನ್‌ಬಿಸಿಯ 20 ಪ್ರಸಾರಕ್ಕೆ ಸುಮಾರು 2 ಕೋಟಿ ಡಾಲರ್ ಅಂತ ಆಗ ವರದಿಯಾಗಿತ್ತು. ಹ್ಯಾನ್ಸ್ ಝಿಮ್ಮರ್ ಕೈಯಲ್ಲಿ ಸಂಗೀತ ಮಾಡಿಸಿದರು. ಕಾಮೆಂಟರಿಗೆ ಮಾರ್ವ್ ಆಲ್ಬರ್ಟ್, ಶುಗರ್ ರೇ ಲೆನಾರ್ಡ್ ಬಂದರು. ಬಾಕ್ಸರ್ ಹಿಂದೆ ಗುಂಪು ಬರುವುದನ್ನು ನಿಲ್ಲಿಸಿದರು, ಒಬ್ಬನೇ ನಡೆದು ಬರಬೇಕು. ರಿಂಗ್ ಅನೌನ್ಸರ್ ಇಲ್ಲ. ತಲೆ ಮೇಲೆ ಸುತ್ತಲೂ ಕ್ಯಾಮೆರಾ.

ನೋಡಲು ಚೆನ್ನಾಗಿತ್ತು. ಒಬ್ಬನೇ ನಡೆದು ಬರುವುದು ನನಗೆ ನಿಜಕ್ಕೂ ಹಿಡಿಸಿತು, ಆ ಮನುಷ್ಯನ ಒಂಟಿತನ ಕಾಣುತ್ತಿತ್ತು. ಆದರೆ ನನ್ನ ನಿಮಿಷದ ಲೆಕ್ಕದಲ್ಲಿ ಜಾಹೀರಾತಿನ ಚಾನೆಲ್‌ಗಳೆಲ್ಲ ಒಟ್ಟಾಗಿ ಹಿಂದೆ ಬೀಳುತ್ತವೆ. ಗಂಟೆ ಬಾರಿಸಿದ ಕೂಡಲೇ ಜಾಹೀರಾತು, ವಾಪಸ್ ಬರುವಷ್ಟರಲ್ಲಿ ಬಾಕ್ಸರ್ ಎದ್ದು ನಿಂತಿರುತ್ತಾನೆ. ಕಣ್ಣಿನ ಮೇಲಿನ ಗಾಯಕ್ಕೆ ಏನು ಮಾಡಿದರು? ಕೋಚ್ ಹೆದರಿದ್ದಾನಾ? ಗೊತ್ತಿಲ್ಲ. ಬಿಟ್ಟಿಯಾಗಿ ತೋರಿಸುವವರು ಎಲ್ಲಿಂದಲಾದರೂ ದುಡ್ಡು ತರಬೇಕು, ಒಪ್ಪುತ್ತೇನೆ. ಬಿಟ್ಟಿ ಪ್ರಸಾರದಿಂದ ಬಾಕ್ಸಿಂಗ್‌ಗೆ ಬರುವ ಜನವೂ ದೊಡ್ಡದು. ಬ್ರಿಟನ್ನಿನಲ್ಲಿ 1985ರ ಬ್ಯಾರಿ ಮೆಗ್ವಿಗನ್–ಪೆಡ್ರೋಸಾ ಫೈಟನ್ನು ಬಿಬಿಸಿಯಲ್ಲಿ ಸುಮಾರು 2 ಕೋಟಿ ಜನ ನೋಡಿದ್ದರು. ಹನ್ನೊಂದು ವರ್ಷ ಕಳೆದು, 1996ರ ಮಾರ್ಚ್‌ನಲ್ಲಿ ಬ್ರೂನೋ–ಟೈಸನ್ ಎರಡನೇ ಫೈಟ್‌ಗೆ ಸ್ಕೈ 9.95 ಪೌಂಡ್ ಕೇಳಿತು. ಒಂದೊಂದು ಫೈಟ್‌ಗೆ ಬೇರೆಯಾಗಿ ದುಡ್ಡು ಕೊಟ್ಟು ನೋಡುವ ಪೇ-ಪರ್-ವ್ಯೂ ಅಲ್ಲಿ ಶುರುವಾದದ್ದು ಅದರಿಂದಲೇ.

ಪೇ-ಪರ್-ವ್ಯೂ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. 2015ರ ಮೇ 2ರ ಮೇವೆದರ್–ಪಾಕಿಯಾವ್ ಫೈಟನ್ನೇ ನೋಡಿ. ಎಚ್‌ಬಿಓ, ಶೋಟೈಮ್ ಎರಡೂ ಕೈ ಜೋಡಿಸಿ ತೋರಿಸಿದವು. ಎಚ್‌ಡಿಗೆ 99.95 ಡಾಲರ್. 46 ಲಕ್ಷ ಖರೀದಿ, 40 ಕೋಟಿ ಡಾಲರ್‌ಗೂ ಮೀರಿದ ಆದಾಯ. ಇಷ್ಟು ದುಡ್ಡು ಬಂದ ರಾತ್ರಿಯ ಅಂಡರ್‌ಕಾರ್ಡ್‌ನಲ್ಲಿ, ಅಂದರೆ ಮುಖ್ಯ ಫೈಟ್‌ಗೆ ಮುಂಚಿನ ಪಟ್ಟಿಯಲ್ಲಿ, ಎರಡೇ ಫೈಟ್, ಎರಡರಲ್ಲೂ ಯಾರು ಗೆಲ್ಲುತ್ತಾರೆ ಅನ್ನುವ ಕುತೂಹಲವೇ ಇರಲಿಲ್ಲ. ಮುಖ್ಯ ಫೈಟ್ ತಡವಾಯಿತು, ಯಾಕೆಂದರೆ ಕೊನೇ ಗಳಿಗೆಯಲ್ಲಿ ಕೊಳ್ಳುವವರು ಮುಗಿಬಿದ್ದು ಕೇಬಲ್ ವ್ಯವಸ್ಥೆ ತಡೆದುಕೊಳ್ಳಲಿಲ್ಲ. ನೂರು ಡಾಲರ್‌ನ ಹತ್ತಿರ ಕೇಳುವವರು ಮೊದಲ ಫೈಟ್‌ನಿಂದಲೇ ಅದಕ್ಕೆ ತಕ್ಕ ಮಾಲು ಕೊಡಬೇಕು. ಎಲ್ಲಾ ದುಡ್ಡು ಇಬ್ಬರ ಜೇಬಿಗೆ ಹೋದರೆ ಮುಂದಿನ ಹತ್ತು ವರ್ಷದ ಬಾಕ್ಸರ್‌ಗಳನ್ನು ಜನ ನೋಡುವುದು ಯಾವಾಗ?

ಹಾಗಾಗಿ 2018ರಲ್ಲಿ ಡಝೋನ್ ಅನ್ನುವ ಸ್ಟ್ರೀಮಿಂಗ್ ಸೇವೆ ಅಮೆರಿಕಕ್ಕೆ ಬಂದಾಗ ನಾನು ನಿಜವಾಗಿ ಖುಷಿಪಟ್ಟಿದ್ದೆ. ತಿಂಗಳಿಗೆ 9.99 ಡಾಲರ್, ಪೇ-ಪರ್-ವ್ಯೂ ಸತ್ತಿತು ಅನ್ನುವ ಪ್ರಚಾರ. ಮ್ಯಾಚ್‌ರೂಮ್ ಅನ್ನುವ ಪ್ರಮೋಟರ್ ಕಂಪನಿ ಜೊತೆ ಎಂಟು ವರ್ಷಕ್ಕೆ ನೂರು ಕೋಟಿ ಡಾಲರ್ ಒಪ್ಪಂದ, ಕ್ಯಾನೆಲೊ ಆಲ್ವರೆಜ್‌ಗೆ 11 ಫೈಟ್‌ಗೆ ಕಡಿಮೆ ಅಂದರೂ 36.5 ಕೋಟಿ. ಈ ಮಾದರಿಯ ಬಲ ನನಗೆ ಅರ್ಥವಾದದ್ದು 2019ರ ಜೂನ್ 1ರಂದು. ಆಂಥೊನಿ ಜೋಶುವಾ ಎದುರು ಬದಲಿ ಆಟಗಾರನಾಗಿ ಬಂದ ಆಂಡಿ ರೂಯಿಝ್, ಹೊಟ್ಟೆ ಮುಂದೆ ಬಂದಿದ್ದ ಮನುಷ್ಯ, ಏಳನೇ ರೌಂಡಿನಲ್ಲಿ ಫೈಟ್ ಮುಗಿಸಿದ. ಅಮೆರಿಕದಲ್ಲಿ ಅದು ತಿಂಗಳ ಚಂದಾದಲ್ಲೇ ಬಂತು, ಬ್ರಿಟನ್ನಿನಲ್ಲಿ ಸ್ಕೈ ಅದೇ ಫೈಟನ್ನು ಪೇ-ಪರ್-ವ್ಯೂನಲ್ಲಿ ಮಾರಿತು. ಇಂಥ ಫೈಟನ್ನು ಮೊದಲೇ ದುಡ್ಡು ಕೊಟ್ಟು ಕೊಳ್ಳಲು ಬಹಳ ಜನ ಹಿಂದೆಮುಂದೆ ನೋಡುತ್ತಾರೆ. ಚಂದಾ ಇದ್ದವನು ಸುಮ್ನೆ ಹಚ್ಚಿಬಿಡುತ್ತಾನೆ, ಅಚ್ಚರಿ ಅವನಿಗೆ ಸಿಗುತ್ತದೆ.

ಆದರೆ ಅಷ್ಟು ದುಡ್ಡು ಸುರಿದರೆ ಎಲ್ಲೋ ಒಂದು ಕಡೆ ವಾಪಸ್ ಬರಬೇಕಲ್ಲ. 2019ರಲ್ಲೇ ಚಂದಾ 19.99 ಆಯಿತು. 2022ರ ಮೇನಲ್ಲಿ ಕ್ಯಾನೆಲೊ–ಬಿವೋಲ್ ಫೈಟ್‌ಗೆ ಚಂದಾದಾರರೂ ಬೇರೆಯಾಗಿ ದುಡ್ಡು ಕೊಡಬೇಕಾಯಿತು. ಸತ್ತಿತು ಅಂದಿದ್ದು ಎದ್ದು ಬಂತು.

ನೆಟ್‌ಫ್ಲಿಕ್ಸ್ ಅಳತೆಯೇ ಬೇರೆ. 2024ರ ನವೆಂಬರ್ 15ರ ಜೇಕ್ ಪಾಲ್–ಮೈಕ್ ಟೈಸನ್ ಫೈಟ್ ಹೊತ್ತಿಗೆ ಒಟ್ಟಿಗೆ 6.5 ಕೋಟಿ ಸ್ಟ್ರೀಮ್ ನಡೆದವು ಅಂತ ಅವರೇ ಹೇಳಿದರು. ಬೇರೆ ಶುಲ್ಕ ಇಲ್ಲ. ಎರಡೆರಡು ನಿಮಿಷದ ಎಂಟು ರೌಂಡ್, 58 ವರ್ಷದ ಟೈಸನ್. ಬಾಕ್ಸಿಂಗ್ ಅಂತ ನೋಡಿದರೆ ಅದರಲ್ಲಿ ಬರೆದುಕೊಳ್ಳುವುದು ಏನೂ ಸಿಗಲಿಲ್ಲ. ಆದರೆ ಅದೇ ರಾತ್ರಿ ಅದಕ್ಕೆ ಮುಂಚೆ ಕೇಟಿ ಟೇಲರ್–ಅಮಾಂಡಾ ಸೆರಾನೋ ಇದ್ದರು, ಹತ್ತು ರೌಂಡ್ ಉಸಿರು ಬಿಡದೆ ಹೊಡೆದಾಡಿದರು. ಟೈಸನ್ ಹೆಸರಿಗೆ ಬಂದ ಕೋಟ್ಯಂತರ ಜನ ಇವರಿಬ್ಬರನ್ನು ನೋಡಿದರು. ಎಚ್‌ಬಿಓ ತನ್ನ ಮೊದಲ ಮಹಿಳಾ ಫೈಟ್ ತೋರಿಸಿದ್ದು 2018ರಲ್ಲಿ, ಅಂಗಡಿ ಮುಚ್ಚುವ ವರ್ಷ. ನಾನು ಇಷ್ಟು ಹೊಗಳಿದ ಚಾನೆಲ್‌ನ ಮೇಲೆ ಇದು ದೊಡ್ಡ ಕಲೆ, ಬರೆಯದೇ ಇರಲಾಗದು.

ಕ್ಯಾಮೆರಾ ಬಗ್ಗೆ ಒಂದು ಮಾತು. ಈಗಿನ ಪ್ರಸಾರಗಳಲ್ಲಿ ಹಗ್ಗದ ಅಂಚಿನ ಕೆಳಗಿನ ಕ್ಯಾಮೆರಾ ಜಾಸ್ತಿ. ಬೆವರು ಹಾರುವುದು, ಮುಖ ತಿರುಗುವುದು ಚೆನ್ನಾಗಿ ಕಾಣುತ್ತದೆ. ಆದರೆ ಆ ಕೋನದಲ್ಲಿ ಇಬ್ಬರ ನಡುವಿನ ಅಂತರ ತಿಳಿಯುವುದಿಲ್ಲ, ಗಾಳಿಗೆ ಹೋದ ಪಂಚ್ ಕೂಡ ತಗುಲಿದ ಹಾಗೆ ಕಾಣುತ್ತದೆ. ಪಾದ ಅಂತೂ ಕಾಣುವುದೇ ಇಲ್ಲ. ಬಾಕ್ಸಿಂಗ್‌ನ ಅರ್ಧ ಇರುವುದು ಪಾದದಲ್ಲಿ. ಸ್ವಲ್ಪ ಎತ್ತರದಿಂದ, ಇಬ್ಬರೂ ತಲೆಯಿಂದ ಕಾಲಿನವರೆಗೆ ಕಾಣುವ ಒಂದು ಶಾಟನ್ನು ಪೂರ್ತಿ ರೌಂಡ್ ಹಿಡಿದಿಡುವುದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ, ತಾಳ್ಮೆ ಬೇಕು. ಹಳೆಯ ಎಚ್‌ಬಿಓ ಟೇಪ್‌ಗಳಲ್ಲಿ ಆ ತಾಳ್ಮೆ ಕಾಣುತ್ತದೆ.

ಈಗ ದುಡ್ಡು ಕೊಟ್ಟು ಒಂದನ್ನೇ ಇಟ್ಟುಕೋ ಅಂದರೆ ತಿಂಗಳ ಚಂದಾದ ಸೇವೆಯನ್ನು ಇಟ್ಟುಕೊಳ್ಳುತ್ತೇನೆ, ಪ್ರತ್ಯೇಕ ಪೇ-ಪರ್-ವ್ಯೂ ಕೊಳ್ಳುವುದಿಲ್ಲ. ಹೇಗೆ ತೋರಿಸಬೇಕು ಅಂತ ಕೇಳಿದರೆ ಮಾತ್ರ ಹಳೆಯ ಎರಡು ಚಾನೆಲ್‌ಗಳ ಕಡೆಗೇ ಬೆರಳು ತೋರಿಸುತ್ತೇನೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿರುವುದು 2007ರ ಜುಲೈ 14. ಅದೂ ಎಚ್‌ಬಿಓನಲ್ಲೇ ಬಂದದ್ದು. ಗಾಟಿಯ ಕೊನೆಯ ಫೈಟ್, ಎದುರಾಳಿ ಅಲ್ಫಾನ್ಸೋ ಗೋಮೆಜ್. ಗಾಟಿಯ ಕಾಲಲ್ಲಿ ಶಕ್ತಿ ಉಳಿದಿಲ್ಲ, ಏಳನೇ ರೌಂಡಿನಲ್ಲಿ ಮುಗಿಯುತ್ತದೆ. ಆದರೆ ವಿರಾಮದ ಹೊತ್ತಿಗೆ ಅವನ ಕಾರ್ನರ್‌ನಲ್ಲಿ ಕೋಚ್ ಆಗಿ ಬರುವವನು ಮಿಕ್ಕಿ ವಾರ್ಡ್. ಐದು ವರ್ಷದ ಹಿಂದೆ ಅದೇ ಗಾಟಿಯ ಪಕ್ಕೆಗೆ ಹೊಡೆದು ಮಂಡಿಯೂರಿಸಿದವನು, ಈಗ ಅವನನ್ನು ಉಳಿಸಿಕೊಳ್ಳಲು ನೋಡುತ್ತಿದ್ದಾನೆ. ನಾನು ಆ ವಿರಾಮಗಳನ್ನು ಮಾತ್ರ ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ.