ಗೋಣಿ ಚೀಲವೋ, ಕೆಂಪು ಸಿಲಿಂಡರೋ?

ಕಳೆದ ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಒಲೆಯಿಂದ ಕಿಡಿ ಹಾರಿ ಪಕ್ಕದ ಸಿಪ್ಪೆ ರಾಶಿ ಹೊತ್ತಿಕೊಂಡಿತು. ಆಯಿ ಎರಡು ಕೊಡ ನೀರು ಸುರಿದು ಆರಿಸಿದಳು. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಶಿರಸಿಯಿಂದ ಅಗ್ನಿಶಾಮಕ ವಾಹನ ನಮ್ಮ ತೋಟದ ದಾರಿ ಹಿಡಿದು ಬರುವಷ್ಟರಲ್ಲಿ ಮಾಡಿನ ಪಕಾಸುಗಳು ಉಳಿದಿರುವುದಿಲ್ಲ. 101ಕ್ಕೋ 112ಕ್ಕೋ ಕರೆ ಮಾಡೋಣವೆಂದರೆ ಮೊಬೈಲಿಗೆ ಸಿಗ್ನಲ್ ಸಿಗುವುದು ಬೇಲಿಯ ದಣಪೆಯ (ಗಳುಗಳ ಗೇಟಿನ) ಹತ್ತಿರ ಮಾತ್ರ.

ಹಾಗಾಗಿ ಬೆಂಕಿ ಆರಿಸುವ ಎರಡು ಕಿಲೋ ಎಬಿಸಿ ಪುಡಿಯ (ಕಟ್ಟಿಗೆ, ಎಣ್ಣೆ, ಅನಿಲದ ಬೆಂಕಿಗೆಲ್ಲ ಬಳಸುವ ಪುಡಿ) ಕೆಂಪು ಸಿಲಿಂಡರ್, ಗಾಜಿನ ನಾರಿನ ಬೆಂಕಿ ಹೊದಿಕೆ ಕೊಂಡು ತಂದೆ. ಪೈಪೋಟಿಗೆ ಮನೆಯ ಗೋಣಿ ಚೀಲ ಇದ್ದೇ ಇತ್ತು. ಮೂರನ್ನೂ ಅಂಗಳದಲ್ಲಿ ಪರೀಕ್ಷಿಸಿದೆ.

ಒಣಗಿದ ದರಕಿನ (ಉದುರಿದ ಎಲೆಗಳ) ರಾಶಿಗೆ ಬೆಂಕಿ ಹಚ್ಚಿ ಸಿಲಿಂಡರ್ ಹಿಡಿದಾಗ ಜ್ವಾಲೆ ಕ್ಷಣದಲ್ಲಿ ಮಲಗಿತು. ಆದರೆ ಒಳಗಿನ ಕೆಂಡ ಹಾಗೆಯೇ ಇತ್ತು. ಕೊನೆಗೆ ಆರಿಸಿದ್ದು ಕೊಡದ ನೀರೇ. ಪುಡಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ, ಗುರಿ ತಪ್ಪಿದರೆ ಮುಗಿಯಿತು. ಅರ್ಧ ಬಳಸಿದರೂ ಮತ್ತೆ ತುಂಬಿಸಬೇಕು. ಅಂಗಳ, ತುಳಸಿಕಟ್ಟೆ, ಒಣಗಲು ಹಾಕಿದ ಪಂಚೆ ಎಲ್ಲದರ ಮೇಲೂ ಹಳದಿ ಹಿಟ್ಟು. ಮೇಲಾಗಿ ಸುರಕ್ಷತಾ ಪಿನ್ ಎಳೆಯುವುದು ಆಯಿಯ ಬೆರಳಿಗೆ ಸಾಧ್ಯವಾಗಲಿಲ್ಲ.

ಹಳೆಯ ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಹೊತ್ತಿಸಿದಾಗ ಗೆದ್ದದ್ದು ಹೊದಿಕೆ. ಅಂಚನ್ನು ಕೈಮೇಲೆ ಮಡಚಿಕೊಂಡು ನಿಧಾನವಾಗಿ ಮುಚ್ಚಿದೆ, ಆರಿತು. ಕುತೂಹಲ ತಡೆಯದೆ ಬೇಗ ಎತ್ತಿ ನೋಡಿದೆ. ಎಣ್ಣೆ ಮತ್ತೆ ಭಗ್ಗೆಂದಿತು. ಪೂರ್ತಿ ತಣಿಯುವವರೆಗೆ ಮುಟ್ಟಬಾರದು. ನೀರಲ್ಲಿ ನೆನೆಸಿದ ಗೋಣಿಯಿಂದಲೂ ಆರುತ್ತದೆ, ಆದರೆ ಚೆನ್ನಾಗಿ ಹಿಂಡಿರಬೇಕು. ಒಂದು ಹನಿ ತೊಟ್ಟಿಕ್ಕಿದ್ದಕ್ಕೇ ಎಣ್ಣೆ ಮೊಣಕೈವರೆಗೆ ಸಿಡಿಯಿತು. ಗಾಬರಿಯಲ್ಲಿ ಯಾರು ಹಿಂಡುತ್ತಾ ನಿಲ್ಲುತ್ತಾರೆ? ಇಂಥ ಪ್ರಯೋಗವನ್ನು ನೀವು ಮಾಡುವುದು ಬೇಡ.

ಹೊಗೆ ಎಚ್ಚರಿಕೆ ಗಂಟೆಯನ್ನು ಬಚ್ಚಲು ಮನೆಯ ಹತ್ತಿರ ಹಾಕಿದ್ದೆ. ಹಂಡೆಗೆ ಕಟ್ಟಿಗೆ ಇಟ್ಟಾಗಲೆಲ್ಲ ಕೂಗಿ ಕೂಗಿ ಎಲ್ಲರ ನೆಮ್ಮದಿ ಕೆಡಿಸಿತು. ಈಗ ಮಲಗುವ ಕೋಣೆಯ ಹೊರಗಿದೆ, ತೆಪ್ಪಗಿದೆ.

ನಿಜವಾದ ಪಾಠ ಸಿಕ್ಕಿದ್ದು ಬಾಗಿಲುಗಳಲ್ಲಿ. ರಾತ್ರಿ ದೀಪ ಆರಿಸಿ ಎಲ್ಲರೂ ಹೊರಗೆ ಹೋಗುವ ಅಭ್ಯಾಸ ಮಾಡಿದೆವು. ಮುಂಬಾಗಿಲಿನ ಅಗಳಿ ಸರಿಸಿ ಅರ್ಧ ನಿಮಿಷದೊಳಗೆ ಅಂಗಳ ಸೇರಿದೆವು. ಅಡುಗೆಮನೆಗೆ ಹತ್ತಿರವಿರುವ ಹಿತ್ತಿಲ ಬಾಗಿಲಿಗೆ ಬೀಗ; ಕೀಲಿಕೈ ಹುಡುಕುವುದರಲ್ಲೇ ಐದು ನಿಮಿಷ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು, ಅಲ್ಲಿಂದ ಬೆಕ್ಕು ಮಾತ್ರ ಹೊರಗೆ ಹೋಗಬಲ್ಲದು. ಮಾರನೆಯ ದಿನವೇ ಬೀಗ ತೆಗೆದು ಒಳಗಿನಿಂದ ಗಟ್ಟಿ ಚಿಲಕ ಹಾಕಿಸಿದೆ.

ಒಂದನ್ನೇ ಕೊಳ್ಳುವುದಾದರೆ ಹೊದಿಕೆಯನ್ನೇ ಕೊಳ್ಳಿ ಎನ್ನುತ್ತೇನೆ. ಆಯಿಯೂ ಅದನ್ನು ಹಿಡಿಯಬಲ್ಲಳು. ಅದನ್ನು ಒಲೆಯ ಪಕ್ಕವಲ್ಲ, ಅಡುಗೆಮನೆಯ ಬಾಗಿಲ ಬಳಿ ತೂಗುಹಾಕಿದ್ದೇನೆ. ಸಿಲಿಂಡರ್ ಜಗಲಿಯಲ್ಲಿದೆ. ಅದರ ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡುವ ಕೆಲಸ ಅಪ್ಪಯ್ಯನದು.